ಬೆಚ್ಚನೆ ಮಳೆಗಾಳಿ ಬಂದು ಹೋದ ಮೇಲೆ ಹಿಮದಲ್ಲಿ ಕಾಲಿಡುವುದು ಹೇಗೆ?

ಕಲಬುರಗಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿಗೆ, ಅಲ್ಲಿಂದ ಬಸ್ಸಿನಲ್ಲಿ ಉತ್ತರಾಖಂಡಕ್ಕೋ ಹಿಮಾಚಲಕ್ಕೋ ಹಿಮ ತುಳಿಯಲು ಹೋಗುವ ಹುಡುಗರು ಈಗ ಜಾಸ್ತಿ. ಹೋಗಿ, ಬೇಡ ಅನ್ನುವುದಿಲ್ಲ. ಟಿಕೆಟ್ ತೆಗೆಸುವಾಗಲೇ ಕೈಯಲ್ಲಿ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಅದೇ ಮೊದಲ ಹೆಜ್ಜೆ.

ಯಾಕೆ ಅಂತೀರಾ? ಇಳಿಜಾರಿನಲ್ಲಿ ಸಡಿಲ ಮರಳು ಹರಡಿ, ಮೇಲೊಂದು ಶಹಾಬಾದ್ ಪರ್ಸಿ ಕಲ್ಲು ಇಟ್ಟಿದ್ದೀರಿ ಅಂದುಕೊಳ್ಳಿ. ಹೇಗೋ ನಿಂತಿದೆ. ಅದರ ಮೇಲೆ ಇನ್ನೊಂದು ಪರ್ಸಿ ಹೇರಿದರೆ? ಚಳಿಯಲ್ಲಿ ಬಿದ್ದ ಹಿಮ ಹಗುರ, ಪುಡಿಪುಡಿ. ಆಮೇಲೆ ಗಾಳಿ ಬೆಚ್ಚಗಾಗಿ ಒದ್ದೆ ಹಿಮವೋ ಮಳೆಯೋ ಸುರಿದರೆ ಮೇಲೆ ಭಾರ, ಕೆಳಗೆ ಸಡಿಲ, ಸಾಲದ್ದಕ್ಕೆ ನೀರು ಒಳಗಿಳಿದು ಪದರಗಳ ಹಿಡಿತವನ್ನೂ ಬಿಡಿಸುತ್ತದೆ. ಆಗ ಒಬ್ಬರ ಕಾಲಿನ ಭಾರ ಸಾಕು, ಇಡೀ ಹಾಸು ಕಿತ್ತುಕೊಂಡು ಬರುತ್ತದೆ. ಇದೇ ಹಿಮಕುಸಿತ.

ಹಿಮ ಸುರಿದು ನಿಂತ ಮೊದಲ 24ರಿಂದ 48 ಗಂಟೆ ಕಡಿದಾದ ಜಾಗಕ್ಕೆ ಹೋಗಬೇಡಿ. ಬಿಸಿಲು ಬಿದ್ದು ಫೋಟೋ ಚೆಂದ ಬರುವುದೂ ಆಗಲೇ, ಅಪಾಯ ಜಾಸ್ತಿ ಇರುವುದೂ ಆಗಲೇ. ಆ ಎರಡು ದಿನ ಬೇಕಾಗುವುದು ಇಲ್ಲೇ ನೋಡಿ. ಚಂಡೀಗಡದಲ್ಲಿರುವ, ರಕ್ಷಣಾ ಸಂಶೋಧನೆಯ ಡಿಆರ್‌ಡಿಒಗೆ ಸೇರಿದ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ, ಅದನ್ನೂ ನೋಡಿಕೊಳ್ಳಿ.

ಆಮೇಲೆ ರಾತ್ರಿಯ ಚಳಿ ಗಮನಿಸಿ. ಬೆಳಿಗ್ಗೆ ಹಿಮ ಖಡಕ್ ರೊಟ್ಟಿ ಹಾಗೆ ಗಟ್ಟಿಯಾಗಿದ್ದರೆ ಬೇಗ ಹೊರಟು ಬಿಸಿಲೇರುವ ಮುಂಚೆ ಮರಳಿ. ರಾತ್ರಿಯಿಡೀ ಮೋಡ ಕವಿದು ಹಿಮ ಹೆಪ್ಪುಗಟ್ಟದೆ, ಬೂಟು ಕಣಕಾಲಿನ ತನಕ ಹೂತರೆ, ಅವತ್ತು ಚಹಾ ಕುಡಿಯುತ್ತ ಕೂರುವುದೇ ಲೇಸು.

ಇಳಿಜಾರು ಅಳೆಯುವುದು ನಮಗೆ ಕಷ್ಟ, ಬಯಲುಸೀಮೆಯವರಲ್ವಾ! ಹೆಚ್ಚಿನ ಹಿಮಕುಸಿತ 30ರಿಂದ 45 ಡಿಗ್ರಿಯಲ್ಲೇ ಆಗುತ್ತದೆ. ಮನೆಯ ಮಾಳಿಗೆ ಮೆಟ್ಟಿಲೂ ಹೆಚ್ಚುಕಡಿಮೆ ಅಷ್ಟೇ ಕಡಿದು. ಮೆಟ್ಟಿಲ ಮೇಲೆ ಹಲಗೆ ಇಟ್ಟು, ಅದರ ಮೇಲೆ ಮೊಬೈಲ್ ಇಟ್ಟು, ಕೋನ ಅಳೆಯುವ ಆ್ಯಪ್‌ನಲ್ಲಿ ನೋಡಿ ಕಣ್ಣಿಗೆ ರೂಢಿ ಮಾಡಿಕೊಳ್ಳಿ. ಅಂಥ ಇಳಿಜಾರಿನ ಕೆಳಗೆ ಟೆಂಟ್ ಕೂಡ ಬೇಡ. 2025ರ ಫೆಬ್ರುವರಿ 28ರಂದು ಬದರಿನಾಥದ ಹತ್ತಿರ ಮಾಣಾದಲ್ಲಿ ರಸ್ತೆ ಕೆಲಸಗಾರರ ಬಿಡಾರದ ಮೇಲೇ ಹಿಮ ಕುಸಿದು 8 ಮಂದಿ ಸತ್ತರು.

ಹೆಜ್ಜೆ ಇಟ್ಟಾಗ ಒಳಗಿನಿಂದ 'ಧುಮ್' ಅಂದರೆ, ಕಾಲಬುಡದಿಂದ ಬಿರುಕು ಓಡಿದರೆ, ಹಿಮದ ಉಂಡೆಗಳು ತಾವಾಗೇ ಉರುಳಿದರೆ ವಾಪಸ್ ಬನ್ನಿ. ಚರ್ಚೆ ಬೇಡ.

ಬೀಕನ್ (ಹೂತವರು ಎಲ್ಲಿದ್ದಾರೆಂದು ಸಿಗ್ನಲ್‌ನಿಂದ ತೋರಿಸುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಪ್ರತಿಯೊಬ್ಬರ ಹತ್ತಿರವೂ ಇರಲಿ. 2016ರಲ್ಲಿ ಸಿಯಾಚಿನ್‌ನಲ್ಲಿ ನಮ್ಮ ಧಾರವಾಡ ಕಡೆಯ ಯೋಧ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದೂ ಜೀವಂತ ಸಿಕ್ಕಿದ್ದರು, ಕೊನೆಗೆ ಉಳಿಯಲಿಲ್ಲ. ಅಂಥದ್ದು ಅಪರೂಪದಲ್ಲಿ ಅಪರೂಪ. ಹೂತವರನ್ನು 10-15 ನಿಮಿಷದೊಳಗೆ ತೆಗೆದರೇ ಆಸೆ, ಅಷ್ಟರಲ್ಲಿ ಹೊರಗಿನವರು ಬರುವುದಿಲ್ಲ, ಅಗೆಯಬೇಕಾದವರು ಜೊತೆಗಿದ್ದವರೇ. ಹಾಗಾಗಿ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟಿ, ಉಳಿದವರು ಕಣ್ಣು ಕೀಳದೆ ನೋಡುತ್ತಿರಿ. ಎರಡು ಬೀಕನ್ ಸಿಕ್ಕರೆ ಊರಲ್ಲೇ ಅಭ್ಯಾಸ ಮಾಡಬಹುದು: ಒಂದನ್ನು ತೊಗರಿ ಹೊಟ್ಟಿನ ಗುಡ್ಡೆಯಲ್ಲಿ ಬಚ್ಚಿಟ್ಟು, ಇನ್ನೊಂದು ಹಿಡಿದು ಹುಡುಕಿ, ಎಷ್ಟು ನಿಮಿಷ ಆಯಿತು ಅಂತ ಗಡಿಯಾರ ನೋಡಿ.