ಗುಬ್ಬಚ್ಚಿಗೆ ಮರದ ಪೆಟ್ಟಿಗೆ: ನಾನು ಮಾಡುವ ಕ್ರಮ

ಹಿತ್ತಲಿಗೆ ಗೂಡುಪೆಟ್ಟಿಗೆ ಮಾಡುವವರು ಮರ ತರುವ ಮೊದಲು ಅದು ಯಾವ ಹಕ್ಕಿಗೆ ಎಂದು ತೀರ್ಮಾನಿಸಿಕೊಳ್ಳಬೇಕು. ಪಿಕಳಾರ, ಸೂರಕ್ಕಿಗಳು ಪೆಟ್ಟಿಗೆಯ ಕಡೆ ತಿರುಗಿಯೂ ನೋಡುವುದಿಲ್ಲ, ಗಿಡದಲ್ಲೇ ಗೂಡು ಕಟ್ಟುತ್ತವೆ. ಕುಟ್ರು ಒಣಕೊಂಬೆಯನ್ನು ತಾನೇ ಕೊರೆದುಕೊಳ್ಳುತ್ತದೆ. ಪೆಟ್ಟಿಗೆಗೆ ಬರುವುದು ಸಿದ್ಧ ಪೊಟರೆ ಹುಡುಕುವ ಹಕ್ಕಿಗಳು: ಗುಬ್ಬಚ್ಚಿ, ಮಡಿವಾಳ, ಗೊರವಂಕ. ನಾನು ಗುಬ್ಬಚ್ಚಿಯ ಅಳತೆಗೇ ಮಾಡುವುದು. ಅದರ ಬಾಗಿಲು 32 ಮಿ.ಮೀ. ತೂತು, ಗುಬ್ಬಚ್ಚಿ ಸಲೀಸಾಗಿ ನುಸುಳುತ್ತದೆ, ಗೊರವಂಕಕ್ಕೆ ಆಗುವುದಿಲ್ಲ. ಇದೇ ಪೆಟ್ಟಿಗೆಗೆ 50 ಮಿ.ಮೀ. ತೂತು ಕೊರೆದರೆ ಮಡಿವಾಳ ಬಂದೀತು, ಆದರೆ ಗೊರವಂಕವೂ ಬಂದು ಜಗಳಕ್ಕೆ ನಿಲ್ಲುತ್ತದೆ.

ಮರದ ಡಿಪೋದಲ್ಲಿ ಸಿಲ್ವರ್ ಓಕ್, ಹಲಸು, ಬೇವು, ಯಾವುದಿದ್ದರೂ ನಡೆಯುತ್ತದೆ. ತೇಗ ಬೇಕಿಲ್ಲ. ಮಾಮೂಲಿ ಪ್ಲೈವುಡ್ ಒಂದೆರಡು ಮಳೆಗಾಲದಲ್ಲಿ ಪದರ ಬಿಡುತ್ತದೆ, ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಷ್ಟೂ ತಾಳುವುದಿಲ್ಲ. ರಬ್ಬರ್ ಮರಕ್ಕೆ ಹುಳು ಬೇಗ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ಅಗ್ಗ, ಕೆಲಸಕ್ಕೂ ಹಗುರ. ಅದರ ಮೇಲಿನ ಮುದ್ರೆ ಮಾತ್ರ ನೋಡಿ ತನ್ನಿ. ಎಚ್‌ಟಿ ಎಂದಿದ್ದರೆ ಬಿಸಿಯಲ್ಲಿ ಕಾಯಿಸಿದ್ದು, ತೊಂದರೆಯಿಲ್ಲ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ವಿಷಾನಿಲ ಕೊಟ್ಟದ್ದು, ಅದನ್ನು ಬಿಟ್ಟುಬಿಡಿ.

ಬೇಕಾದದ್ದು 6 ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ಹಲಗೆ ನಾಲ್ಕೂವರೆ ಅಡಿ. ಚಾವಣಿಗೆ ಬೇರೆಯಾಗಿ 9 ಇಂಚು ಅಗಲದ, 10 ಇಂಚು ಉದ್ದದ ಒಂದು ತುಂಡು. ಒಂದೂವರೆ ಇಂಚಿನ ಸ್ಟೇನ್‌ಲೆಸ್ ಸ್ಕ್ರೂ 13, ಎರಡು ಇಂಚಿನವು 4. ಕಬ್ಬಿಣದ ಸ್ಕ್ರೂ ಕರಾವಳಿಯ ಗಾಳಿಗೆ ಬೇಗ ತುಕ್ಕು ತಿಂದು ಮರವನ್ನೂ ಕಪ್ಪು ಮಾಡುತ್ತದೆ. ಮನೆಯೊಳಗಿನ ಕೆಲಸಕ್ಕೆ ಬಳಸುವ ಬಿಳಿ ಮರದಂಟು ನೀರಿಗೆ ಬಿಡುತ್ತದೆ, ಹಾಗಾಗಿ ಅಂಟನ್ನು ನಾನು ನೆಚ್ಚಿಕೊಳ್ಳುವುದೇ ಇಲ್ಲ. ಎಲ್ಲ ಸ್ಕ್ರೂ ಮೇಲೆ ನಿಲ್ಲಬೇಕು.

ಹಲಗೆಯನ್ನು ಸೀಳುವ ಕೆಲಸ ಬರದಂತೆ ಅಳತೆ ಇಟ್ಟುಕೊಂಡಿದ್ದೇನೆ, ಎಲ್ಲವೂ ಅಡ್ಡ ಕೊಯ್ತವೇ. ಹಿಂಬದಿ 16 ಇಂಚು, ಮುಂಬದಿ ಎಂಟೂವರೆ, ತಳ ನಾಲ್ಕೂವರೆ. ಪಕ್ಕದ ಎರಡು ಹಲಗೆಗಳಿಗೆ ಸೇರಿ ಹತ್ತೊಂಬತ್ತೂವರೆ ಇಂಚಿನ ಒಂದೇ ತುಂಡು. ಅದರ ಎಡತುದಿಯಿಂದ ಮೇಲಂಚಿನಲ್ಲಿ ಹತ್ತೂವರೆ ಇಂಚಿಗೆ, ಕೆಳಂಚಿನಲ್ಲಿ 9 ಇಂಚಿಗೆ ಗುರುತು ಹಾಕಿ, ಎರಡನ್ನೂ ಸೇರಿಸುವ ಓರೆ ಗೆರೆಯ ಮೇಲೆ ಗರಗಸ ಆಡಿಸಿದರೆ ಎರಡು ಪಕ್ಕಗಳೂ ಒಂದೇ ಅಳತೆಯಲ್ಲಿ ಬರುತ್ತವೆ. ಹಿಂದೆ ಹತ್ತೂವರೆ, ಮುಂದೆ 9. ಚಾವಣಿಯ ಇಳಿಜಾರಿಗೆ ಅಷ್ಟು ಸಾಕು.

6 ಇಂಚು ಎಂದು ಕೊಟ್ಟ ಹಲಗೆ ತೋಪಡ ಹೊಡೆದ (ಹೆರೆದು ನುಣುಪು ಮಾಡಿದ) ಮೇಲೆ ಐದೂಮುಕ್ಕಾಲೇ ಇರುವುದುಂಟು. ಆದ್ದರಿಂದ ತಳವನ್ನು ಕೊನೆಗೆ ಕೊಯ್ಯುವುದು ಒಳ್ಳೆಯದು: ಮುಂಬದಿಯ ನಿಜವಾದ ಅಗಲದಿಂದ ಎರಡು ಹಲಗೆಯ ದಪ್ಪ ಕಳೆದರೆ ಬರುವುದೇ ತಳದ ಉದ್ದ. ತಳದ ನಾಲ್ಕು ಮೂಲೆಯಲ್ಲಿ 6 ಮಿ.ಮೀ. ತೂತು ಕೊರೆಯಿರಿ, ಎರಚಲು ನೀರು ಇಳಿದುಹೋಗಲು.

ಬಾಗಿಲ ತೂತಿನ ನಡು ಮುಂಬದಿಯ ಕೆಳಂಚಿನಿಂದ ಆರೂಮುಕ್ಕಾಲು ಇಂಚು ಎತ್ತರದಲ್ಲಿ ಬರಬೇಕು. ತಳದಿಂದ ತೂತಿನ ಕೆಳತುದಿಗೆ ಐದು ಇಂಚು ಆಳ ಸಿಗುತ್ತದೆ. ಇದಕ್ಕಿಂತ ಕಡಿಮೆಯಾದರೆ, ಹುಲ್ಲು ತುಂಬಿದ ಮೇಲೆ ಮರಿಗಳು ತೂತಿನ ಮಟ್ಟಕ್ಕೇ ಬರುತ್ತವೆ, ಕಾಗೆ ಕೊಕ್ಕು ಹಾಕಿ ಎಳೆಯುತ್ತದೆ. ಹೋಲ್ ಸಾ (ಡ್ರಿಲ್‌ಗೆ ಹಾಕುವ ದುಂಡು ಗರಗಸ) ಬಳಸುವವರು ಮುಂದಿನಿಂದ ಕೊರೆಯುತ್ತ ನಡುವಿನ ಸೂಜಿ ಹಿಂದೆ ಕಂಡ ಕೂಡಲೇ ನಿಲ್ಲಿಸಿ, ಹಲಗೆ ತಿರುಗಿಸಿ ಹಿಂದಿನಿಂದ ಮುಗಿಸಬೇಕು. ಒಂದೇ ಕಡೆಯಿಂದ ನೂಕಿದರೆ ಆಚೆ ಮುಖ ಚಕ್ಕೆ ಏಳುತ್ತದೆ. ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ. ತೂತಿನ ಕೆಳಗೆ ಕೂರಲು ಕಡ್ಡಿ ಹೊಡೆಯಬೇಡಿ. ಅಂಗಡಿಯ ಪೆಟ್ಟಿಗೆಗಳಲ್ಲಿ ಅದು ಇದ್ದೇ ಇರುತ್ತದೆ, ನೋಡಲು ಚಂದ ಅಷ್ಟೇ. ಗುಬ್ಬಚ್ಚಿಗೆ ಅದು ಬೇಕಿಲ್ಲ; ಕಾಗೆಗೆ ಕೂತು ಬಗ್ಗಿ ನೋಡಲು ಅನುಕೂಲ.

ಹೆಚ್ಚಿನವರು ಮರೆಯುವುದು ಮುಂಬದಿಯ ಒಳಮುಖವನ್ನು. ತೋಪಡ ಹೊಡೆದ ನುಣುಪು ಹಲಗೆಯನ್ನು ಮರಿ ಹತ್ತಲಾರದು. ತೂತಿನ ಕೆಳಗೆ ಅರ್ಧರ್ಧ ಇಂಚಿಗೆ ಒಂದರಂತೆ ಗರಗಸದಿಂದ ಒಂದು ನೂಲು ಆಳದ ಅಡ್ಡ ಗೀರು ಹಾಕಿದರೆ (ಇಂಚಿಗೆ ಎಂಟು ನೂಲಿನ ಲೆಕ್ಕ) ಉಗುರಿಗೆ ಹಿಡಿತ ಸಿಗುತ್ತದೆ.

ಜೋಡಿಸುವಾಗ ಪಕ್ಕಗಳು ಮುಂಬದಿ, ಹಿಂಬದಿಗಳ ನಡುವೆ ಕೂರುತ್ತವೆ. ಪ್ರತಿ ಸ್ಕ್ರೂಗೂ ಮೊದಲು 3 ಮಿ.ಮೀ. ತೂತು ಕೊರೆಯಲೇಬೇಕು, ಅಂಚಿನ ಹತ್ತಿರ ಸ್ಕ್ರೂ ನೇರ ಹೊಡೆದರೆ ಸಿಲ್ವರ್ ಓಕ್ ಸೀಳುವುದು ಖಂಡಿತ. ಒಂದು ಪಕ್ಕವನ್ನು ಮುಂದಿನಿಂದ ಮೂರು, ಹಿಂದಿನಿಂದ ಮೂರು ಸ್ಕ್ರೂ ಹಾಕಿ ಖಾಯಂ ಮಾಡಿ. ಹಿಂಬದಿ ಹಲಗೆ ಕೆಳಗೆ ಎರಡೂವರೆ ಇಂಚು ಇಳಿಬಿದ್ದಿರಲಿ, ಮಿಕ್ಕದ್ದು ಮೇಲೆ ಉಳಿಯುತ್ತದೆ. ನೇತುಹಾಕಲು ಈ ಎರಡು ತುದಿಗಳೇ ಆಧಾರ. ತಳವನ್ನು ಕಾಲು ಇಂಚು ಒಳಕ್ಕೆ ಏರಿಸಿ, ಮುಂದಿನಿಂದ ಎರಡು, ಹಿಂದಿನಿಂದ ಎರಡು ಸ್ಕ್ರೂ. ಪಕ್ಕದಿಂದ ತಳಕ್ಕೆ ಸ್ಕ್ರೂ ಹಾಕಿದರೆ ಅದು ಮರದ ನಾರಿನ ತುದಿಗೆ ಹೋಗುತ್ತದೆ, ಹಿಡಿತ ಬರುವುದಿಲ್ಲ. ತಳಕ್ಕೂ ಪಕ್ಕಗಳಿಗೂ ನಾರಿನ ಅಡ್ಡ ದಿಕ್ಕು ಒಂದೇ ಕಡೆಗೆ ಇರುವುದರಿಂದ ಮಳೆಗಾಲದಲ್ಲಿ ಎರಡೂ ಒಟ್ಟಿಗೆ ಉಬ್ಬುತ್ತವೆ. ಮೂಲೆ ಬಾಯಿ ಬಿಡುವುದಿಲ್ಲ.

ಇನ್ನೊಂದು ಪಕ್ಕ ತೆರೆಯುವ ಬಾಗಿಲು. ಅದರ ಓರೆ ಮೇಲಂಚಿನಿಂದ ಎರಡು ನೂಲು, ಅಗಲದಲ್ಲಿ ಅರ್ಧ ನೂಲು ತೆಗೆಯಿರಿ, ಇಲ್ಲದಿದ್ದರೆ ಆಷಾಢದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ. ಕೀಲಿನ ಕೆಲಸಕ್ಕೆ ಮುಂದಿನಿಂದ ಒಂದು, ಹಿಂದಿನಿಂದ ಒಂದು ಸ್ಕ್ರೂ ಸಾಕು. ಈ ಎರಡು ಸ್ಕ್ರೂಗಳೂ ಆ ಪಕ್ಕದ ಹಲಗೆಯ ಕೆಳಂಚಿನಿಂದ ಅಳೆದು ಏಳೂವರೆ ಇಂಚಿಗೆ ಬರಬೇಕು. ಮೇಲಿನಿಂದ ಅಳೆದರೆ ಓರೆಯ ಕಾರಣ ಒಂದು ಸ್ಕ್ರೂ ಮೇಲೆ, ಒಂದು ಕೆಳಗೆ ಆಗಿ ಬಾಗಿಲು ತಿರುಗುವುದೇ ಇಲ್ಲ. ಕೆಳಗೆ ಮುಂದಿನಿಂದ ಒಂದು ಸ್ಕ್ರೂ ಹಾಕಿದರೆ ಅದೇ ಅಗಳಿ.

ಚಾವಣಿಯ ಹಿಂದಿನ ಅಂಚನ್ನು ಇಳಿಜಾರಿಗೆ ತಕ್ಕಂತೆ ಓರೆ ಮಾಡಿ ಹಿಂಬದಿ ಹಲಗೆಗೆ ಒತ್ತಿ ಕೂರಿಸಿ. ಖಾಯಂ ಪಕ್ಕಕ್ಕೆ ಮೇಲಿನಿಂದ ಎರಡು, ಚಾವಣಿಯ ಅಂಚಿಗೆ ಹಿಂದಿನಿಂದ ಎರಡು, ಎಲ್ಲ ಎರಡು ಇಂಚಿನ ಸ್ಕ್ರೂ. ತೆರೆಯುವ ಪಕ್ಕಕ್ಕೆ ಮಾತ್ರ ಹೊಡೆಯಬೇಡಿ. ಚಾವಣಿ ಮುಂದೆ ಎರಡು ಇಂಚಿಗಿಂತ ಹೆಚ್ಚು ಚಾಚಿರುತ್ತದೆ. ಅದರ ಅಡಿಯಲ್ಲಿ, ಮುಂದಿನ ಅಂಚಿನಿಂದ ಅರ್ಧ ಇಂಚು ಒಳಗೆ, ಉದ್ದಕ್ಕೂ ಒಂದು ಗರಗಸದ ಗೀರು ಹಾಕಿ. ಅದಿಲ್ಲದಿದ್ದರೆ ನೀರು ಚಾವಣಿಯ ಅಡಿಯನ್ನೇ ಹಿಡಿದು ಬಾಗಿಲ ತೂತಿನವರೆಗೆ ಹರಿಯುತ್ತದೆ. ಗೀರು ಸಿಕ್ಕರೆ ಅಲ್ಲೇ ತೊಟ್ಟಿಕ್ಕುತ್ತದೆ. ಮುಂಬದಿ ಹಲಗೆ ಚಾವಣಿಗಿಂತ ಕಾಲು ಇಂಚಿನಷ್ಟು ತಗ್ಗಾಗಿ ಉಳಿಯುವುದು ತಪ್ಪಲ್ಲ, ಬಿಸಿಗಾಳಿ ಹೊರಹೋಗುವ ದಾರಿ ಅದು. ಸೋರುವ ಜಾಗ ಎಂದರೆ ಚಾವಣಿ ಮತ್ತು ಹಿಂಬದಿ ಕೂಡುವ ಸಂದು. ಹಳೆಯ ಸ್ಕೂಟರ್ ಟ್ಯೂಬಿನ ಎರಡು ಇಂಚು ಅಗಲದ ಪಟ್ಟಿಯನ್ನು ಅರ್ಧ ಹಿಂಬದಿಗೆ, ಅರ್ಧ ಚಾವಣಿಗೆ ಬರುವಂತೆ ಸಣ್ಣ ಮೊಳೆಯಲ್ಲಿ ಹೊಡೆಯಿರಿ.

ಒಳಗೆ ಬಣ್ಣ, ವಾರ್ನಿಷ್ ಏನೂ ಬೇಡ. ಹೊರಗೆ ಹಸಿ ಅಗಸೆಎಣ್ಣೆ ಎರಡು ಕೈ, ಚೆನ್ನಾಗಿ ಒಣಗಲು ವಾರಗಟ್ಟಲೆ ಬಿಡಬೇಕು. ಕರಾವಳಿಯವರು ಗೆದ್ದಲಿಗೆಂದು ಬಳಿಯುವ ಗೇರೆಣ್ಣೆ ಮರಕ್ಕೆ ಒಳ್ಳೆಯದೇ, ಆದರೆ ಚರ್ಮ ಸುಡುತ್ತದೆ. ಬಳಿಯುವುದಾದರೆ ಚಾವಣಿಯ ಮೇಲ್ಮೈಗೆ ಮಾತ್ರ, ಕೈಗವಸು ಹಾಕಿಕೊಂಡು.

ಜಾಗದ ವಿಷಯದಲ್ಲಿ ನನ್ನ ಮತ ಮರಕ್ಕಿಂತ ಗೋಡೆ. ಮರವನ್ನು ಬೆಕ್ಕು ಹತ್ತುತ್ತದೆ, ಕೇರೆಹಾವೂ ಹತ್ತುತ್ತದೆ. ಮನೆಯ ಸೂರಿನಡಿ 8ರಿಂದ 10 ಅಡಿ ಎತ್ತರ, ಮುಖ ಪೂರ್ವಕ್ಕೋ ಉತ್ತರಕ್ಕೋ ಇರಲಿ. ಮಲೆನಾಡು, ಕರಾವಳಿಯಲ್ಲಿ ಮುಂಗಾರಿನ ಎರಚಲು ನೈಋತ್ಯದಿಂದ. ರಾಯಚೂರು, ಕಲಬುರಗಿ ಕಡೆ ಪಡುವಣ ಬಿಸಿಲು ಮಳೆಗಿಂತ ಅಪಾಯ, ಅಲ್ಲಿ ನೆರಳೇ ಮುಖ್ಯ. ಗೋಡೆಗೂ ಹಿಂಬದಿ ಹಲಗೆಗೂ ನಡುವೆ ಒಂದೆರಡು ವಾಷರ್ ಕೊಟ್ಟರೆ ಒದ್ದೆ ಗೋಡೆಯ ಥಂಡಿ ಮರಕ್ಕೆ ಇಳಿಯುವುದಿಲ್ಲ. ಗುಬ್ಬಚ್ಚಿಗಳು ಗುಂಪಿನಲ್ಲಿ ಬಾಳುವವು, ಒಂದೇ ಗೋಡೆಗೆ ಎರಡು ಮೂರು ಪೆಟ್ಟಿಗೆ ಹಾಕಿದರೆ ಅಡ್ಡಿಯಿಲ್ಲ. ಗಿಡಗಳಿಗೆ ಕೀಟನಾಶಕ ಹೊಡೆಯುವ ಹಿತ್ತಲಲ್ಲಿ ಪೆಟ್ಟಿಗೆಯಿದ್ದೂ ಪ್ರಯೋಜನ ಕಡಿಮೆ. ಮರಿಗಳಿಗೆ ಮೊದಲ ದಿನಗಳಲ್ಲಿ ಕಾಳಲ್ಲ, ಹುಳುವೇ ಬೇಕು.

ತೂತಿನ ಅಂಚನ್ನು ಅಳಿಲು ಕಡಿದು ಅಗಲ ಮಾಡುವುದುಂಟು. ಅಷ್ಟೇ ಅಳತೆಯ ತೂತಿರುವ ತಗಡಿನ ತುಂಡನ್ನು ಅಂಚು ಅರದಿಂದ ತಿಕ್ಕಿ ಹೊಡೆದರೆ ಅಲ್ಲಿಗೆ ಮುಗಿಯಿತು. ಮಲೆನಾಡಿನಲ್ಲಿ ಖಾಲಿ ಪೆಟ್ಟಿಗೆಗೆ ತುಡುವೆಯೋ ಮುಜಂಟಿಯೋ ಬಂದು ಕೂರಬಹುದು. ಜೇನನ್ನು ಹಾಗೇ ಬಿಟ್ಟು ಹಕ್ಕಿಗೆ ಬೇರೆ ಪೆಟ್ಟಿಗೆ ಮಾಡುವುದೇ ಸುಲಭ.

ಮೊಟ್ಟೆ ಒಡೆಯಲು ಹನ್ನೊಂದರಿಂದ ಹದಿನಾಲ್ಕು ದಿನ, ಆಮೇಲೆ ಸುಮಾರು ಎರಡು ವಾರದಲ್ಲಿ ಮರಿ ಹಾರುತ್ತದೆ. ಅಲ್ಲಿಯವರೆಗೆ ಬಾಗಿಲು ಮುಟ್ಟಬೇಡಿ. ಹಾರಿದ ಮೇಲೂ ಕೆಲವು ದಿನ ನೋಡಿ, ಮತ್ತೆ ಮೊಟ್ಟೆಯಿಟ್ಟಿಲ್ಲ ಎಂದು ಖಚಿತವಾದ ಮೇಲೆ ಹಳೆ ಹುಲ್ಲು ತೆಗೆದು, ಉಣ್ಣಿ ಸಾಯಲು ಕುದಿನೀರು ಹೊಯ್ದು, ಬಾಗಿಲು ತೆರೆದೇ ಬಿಸಿಲಿಗೆ ಒಣಗಿಸಿ. ಪೌಡರ್, ಸ್ಪ್ರೇ ಯಾವುದೂ ಬೇಡ. ಅದೇ ಹೊತ್ತಿಗೆ ಟ್ಯೂಬಿನ ಪಟ್ಟಿಯನ್ನೂ ಮಡಿಸಿ ನೋಡಿ. ಬಿರುಕು ಕಂಡರೆ ಮಳೆಗೆ ಮುಂಚೆ ಹೊಸದು ಹೊಡೆಯಿರಿ.