ನಿರ್ಬಂಧಗಳ ನಡುವೆ ದೇಶದೊಳಗಿನ ಪ್ರವಾಸ: ಹೊರಡಬೇಕೇ ಬೇಡವೇ ಎಂದು ನಿರ್ಧರಿಸುವ ಬಗೆ

ಸಾಂಕ್ರಾಮಿಕ ರೋಗ ಹರಡಿರುವಾಗ ವಿದೇಶ ಪ್ರಯಾಣದ ದಾರಿ ಮುಚ್ಚಿಹೋದರೆ, ದೇಶದೊಳಗಿನ ಪ್ರವಾಸ ಬಹಳ ಮಂದಿಗೆ ಅಪಾಯವಿಲ್ಲದ ಆಯ್ಕೆಯಂತೆ ಕಾಣತೊಡಗುತ್ತದೆ. ವೀಸಾದ ಗೊಡವೆಯಿಲ್ಲ, ದೂರ ಕಡಿಮೆ, ಪರಿಸ್ಥಿತಿ ಕೆಟ್ಟರೆ ಮರುದಿನವೇ ಮನೆಗೆ ಮರಳಬಹುದು ಎಂಬ ಧೈರ್ಯವಿರುತ್ತದೆ. ಈ ಕೊನೆಯ ಧೈರ್ಯವನ್ನೇ ಮೊದಲು ಒರೆಗೆ ಹಚ್ಚಿ ನೋಡಬೇಕು. ಸೋಂಕು ತಗುಲಿದವರು ಬಸ್ಸು, ರೈಲು ಅಥವಾ ವಿಮಾನ ಹತ್ತುವಂತಿಲ್ಲ. ಅವರೊಂದಿಗೆ ಒಂದೇ ಕೋಣೆಯಲ್ಲಿ ಮಲಗಿದ್ದವರೂ ಎಷ್ಟೋ ಸಂದರ್ಭಗಳಲ್ಲಿ ಹತ್ತುವಂತಿಲ್ಲ. ಆದ್ದರಿಂದ ಪ್ರವಾಸದ ಮಾತು ಮನೆಯಲ್ಲಿ ಬಂದ ದಿನವೇ ಎಲ್ಲರೂ ಕುಳಿತು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಅಲ್ಲಿಗೆ ಹೋದ ಮೂರನೆಯ ರಾತ್ರಿ ನಮ್ಮಲ್ಲೊಬ್ಬರಿಗೆ ಜ್ವರ ಬಂದರೆ ನಾವು ಎಲ್ಲಿರುತ್ತೇವೆ, ಎಷ್ಟು ದಿನ ಇರುತ್ತೇವೆ, ನಮ್ಮನ್ನು ನೋಡಿಕೊಳ್ಳುವವರು ಯಾರು?

ಈ ಪ್ರಶ್ನೆಯನ್ನು ಬಿಡಿಸಿ ನೋಡುವುದು ಅಗತ್ಯ. ಕೋವಿಡ್‌-19ರ ಮೊದಲ ಅಲೆಗಳಲ್ಲಿ ಅನೇಕ ದೇಶಗಳು ಸೋಂಕಿತರಿಗೆ ಹತ್ತು ದಿನಗಳ ಹಾಗೂ ಸಂಪರ್ಕಕ್ಕೆ ಬಂದವರಿಗೆ ಹದಿನಾಲ್ಕು ದಿನಗಳವರೆಗಿನ ಪ್ರತ್ಯೇಕವಾಸವನ್ನು ವಿಧಿಸಿದ್ದವು. ನಾಲ್ಕು ದಿನಗಳ ಪ್ರವಾಸ ಹೀಗೆ ಎರಡು ವಾರಗಳಾಗಬಲ್ಲದು. ನೀವು ತಂಗಲಿರುವ ವಸತಿಗೃಹದವರಿಗೆ ಮುಂಗಡ ಕೊಡುವ ಮೊದಲೇ ಫೋನ್ ಮಾಡಿ, ಅತಿಥಿಯೊಬ್ಬರಿಗೆ ಸೋಂಕು ದೃಢಪಟ್ಟರೆ ಅದೇ ಕೋಣೆಯಲ್ಲಿ ಉಳಿಯಲು ಬಿಡುತ್ತಾರೆಯೇ, ಊಟವನ್ನು ಬಾಗಿಲಿಗೆ ತಂದಿಡುತ್ತಾರೆಯೇ, ಹೆಚ್ಚುವರಿ ದಿನಗಳ ಬಾಡಿಗೆ ಎಷ್ಟು ಎಂದು ನೇರವಾಗಿ ಕೇಳಿ. ಉತ್ತರ ಅಸ್ಪಷ್ಟವಾಗಿದ್ದರೆ ಅದನ್ನು ಇಲ್ಲವೆಂದೇ ತಿಳಿಯುವುದು ಒಳ್ಳೆಯದು. ಅಷ್ಟು ದಿನ ಕೆಲಸಕ್ಕೆ ರಜೆ ಸಿಗುತ್ತದೆಯೇ, ದಿನವೂ ನುಂಗುವ ಮಾತ್ರೆಗಳು ಸಾಲುತ್ತವೆಯೇ, ಮನೆಯಲ್ಲಿ ಬಿಟ್ಟುಬಂದವರನ್ನು ನೋಡಿಕೊಳ್ಳಲು ಯಾರಾದರೂ ಇದ್ದಾರೆಯೇ ಎಂಬುದನ್ನೂ ಇದೇ ಸಮಯದಲ್ಲಿ ವಿಚಾರಿಸಿಕೊಳ್ಳಬೇಕು. ಇವುಗಳಲ್ಲಿ ಯಾವುದೇ ಒಂದಕ್ಕೆ ಉತ್ತರ ಸಿಗದಿದ್ದರೂ ನಾನಾದರೆ ಪ್ರವಾಸವನ್ನು ಮುಂದೂಡುತ್ತೇನೆ.

ಆಸ್ಪತ್ರೆಯ ವಿಚಾರವನ್ನು ಇದರಿಂದ ಬೇರೆಯಾಗಿಯೇ ನೋಡಬೇಕು. ಜನದಟ್ಟಣೆಯಿಲ್ಲದ ಬೆಟ್ಟದ ತಪ್ಪಲು, ದ್ವೀಪ, ಕಾಡಂಚಿನ ಹಳ್ಳಿಗಳನ್ನೇ ಇಂಥ ಕಾಲದಲ್ಲಿ ಎಲ್ಲರೂ ಹುಡುಕುತ್ತಾರೆ. ಆದರೆ ಅಂಥ ಕಡೆಗಳಲ್ಲೇ ಆಮ್ಲಜನಕದ ವ್ಯವಸ್ಥೆಯಿರುವ ಹಾಸಿಗೆಗಳು ಬೆರಳೆಣಿಕೆಯಷ್ಟಿರುತ್ತವೆ. ಅಲ್ಲಿಂದ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಎಷ್ಟು ಗಂಟೆಗಳ ದಾರಿ, ರಾತ್ರಿ ಹೊತ್ತು ಆಂಬ್ಯುಲೆನ್ಸ್ ಬರುತ್ತದೆಯೇ ಎಂದು ತಿಳಿದುಕೊಳ್ಳಿ. ನಿಮಗೆ ಮಾತ್ರವಲ್ಲ, ಆ ಊರಿನವರಿಗೂ ಇರುವುದು ಅಷ್ಟೇ ಹಾಸಿಗೆಗಳು ಎಂಬುದು ನಿರ್ಧಾರದಲ್ಲಿ ತೂಕ ಪಡೆಯಬೇಕಾದ ಸಂಗತಿ. ಹೊರಗಿನವರು ಬರಬಾರದೆಂದು ಅಲ್ಲಿನ ಜನರೇ ಬೇಡಿಕೊಳ್ಳುತ್ತಿದ್ದರೆ, ಕಾನೂನು ಅನುಮತಿಸಿದರೂ ಹೋಗದಿರುವುದೇ ಸರಿ ಎಂದು ನಾನು ನಂಬುತ್ತೇನೆ.

ನಿಯಮಗಳನ್ನು ಓದುವಾಗ ಹೊರಡುವ ಊರು, ದಾರಿಯಲ್ಲಿ ದಾಟಬೇಕಾದ ಪ್ರದೇಶಗಳು, ತಲುಪುವ ಊರು ಈ ಮೂರರ ಆದೇಶಗಳನ್ನೂ ನೋಡಬೇಕು, ಮತ್ತು ಹಿಂದಿರುಗುವಾಗ ಅವೇ ಮೂರನ್ನು ಹಿಮ್ಮುಖವಾಗಿ ನೋಡಬೇಕು. ಹೋಗುವಾಗ ಅಡ್ಡಿಯಿಲ್ಲದ ಗಡಿ ಬರುವಾಗ ಪರೀಕ್ಷಾ ವರದಿ ಕೇಳಬಹುದು. ಆದೇಶವನ್ನು ಹೊರಡಿಸಿದ ಪ್ರಾಧಿಕಾರದ ಅಧಿಕೃತ ಜಾಲತಾಣದಲ್ಲಿಯೇ ಓದಿ, ಅದು ಜಾರಿಗೆ ಬರುವ ದಿನ, ಮುಗಿಯುವ ದಿನ, ವಿನಾಯಿತಿಗಳು, ಮಕ್ಕಳಿಗೆ ಅನ್ವಯವಾಗುವ ವಯಸ್ಸು ಇವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಾರಾಂಶವನ್ನು ನಂಬಿ ಹೊರಟವರು ಗಡಿಯಿಂದ ಹಿಂದಿರುಗಿದ್ದುಂಟು. ಅನಗತ್ಯ ಪ್ರಯಾಣವನ್ನು ನಿಷೇಧಿಸಿರುವ ಆದೇಶವಿದ್ದರೆ ಮುಂದಿನ ಯಾವ ಲೆಕ್ಕಾಚಾರವೂ ಬೇಕಾಗಿಲ್ಲ. ವಿಹಾರ ಅನಗತ್ಯ ಪ್ರಯಾಣವೇ ಆಗಿರುತ್ತದೆ.

ಅನುಮತಿ ಇದೆಯೆಂದಾದ ಮೇಲೆ ಅಂಕಿಅಂಶಗಳತ್ತ ನೋಡಬೇಕು. ಒಂದು ದಿನದ ಪ್ರಕರಣಗಳ ಸಂಖ್ಯೆಯಿಂದ ಏನನ್ನೂ ತೀರ್ಮಾನಿಸಲಾಗದು, ಏಕೆಂದರೆ ವಾರಾಂತ್ಯದಲ್ಲಿ ಪರೀಕ್ಷೆಗಳೇ ಕಡಿಮೆಯಾಗಿ ಸಂಖ್ಯೆ ಇಳಿದಂತೆ ತೋರಬಹುದು. ಏಳು ದಿನಗಳ ಸರಾಸರಿ ಎರಡು ವಾರಗಳಿಂದ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ನೋಡಿ. ಅದರ ಜೊತೆಗೆ ಪಾಸಿಟಿವಿಟಿ ದರವನ್ನು, ಅಂದರೆ ಪರೀಕ್ಷೆಗೊಳಗಾದ ನೂರು ಜನರಲ್ಲಿ ಎಷ್ಟು ಜನರಿಗೆ ಸೋಂಕಿದೆ ಎಂಬುದನ್ನು ಗಮನಿಸಿ. ನಿರ್ಬಂಧಗಳನ್ನು ಸಡಿಲಿಸುವ ಮುನ್ನ ಈ ದರ ಕನಿಷ್ಠ ಎರಡು ವಾರ ಶೇಕಡಾ 5ಕ್ಕಿಂತ ಕೆಳಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಿನಲ್ಲಿ ಸೂಚಿಸಿತ್ತು. ಆಸ್ಪತ್ರೆಗೆ ದಾಖಲಾಗುವವರ ಸಂಖ್ಯೆ ಸೋಂಕಿನ ಸಂಖ್ಯೆಗಿಂತ ತಡವಾಗಿ ಏರುವುದರಿಂದ, ಹಾಸಿಗೆಗಳು ಇಂದು ಖಾಲಿಯಿವೆ ಎಂಬ ಸುದ್ದಿ ನೀವು ಅಲ್ಲಿಗೆ ತಲುಪುವ ವಾರಕ್ಕೆ ಖಾತರಿ ನೀಡುವುದಿಲ್ಲ. ನಿಮ್ಮೂರಿನ ಅಂಕಿಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಸೋಂಕು ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಹೊರಟವರು ಅದನ್ನು ಕೊಂಡೊಯ್ಯುವ ಸಾಧ್ಯತೆಯೇ ಹೆಚ್ಚು.

ಹೋಗುವವರು ಯಾರು ಎಂಬ ಪಟ್ಟಿಗೆ, ಮರಳಿ ಬಂದ ಮೇಲೆ ನೀವು ಯಾರ ಪಕ್ಕದಲ್ಲಿ ಕೂರುತ್ತೀರಿ ಎಂಬ ಪಟ್ಟಿಯನ್ನೂ ಸೇರಿಸಿ. ವಯಸ್ಸಾದವರು, ಮಧುಮೇಹ ಅಥವಾ ಹೃದಯದ ತೊಂದರೆಯುಳ್ಳವರು, ಗರ್ಭಿಣಿಯರು, ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವವರು ಪ್ರವಾಸಕ್ಕೆ ಬರದಿದ್ದರೂ ಅಪಾಯದಲ್ಲಿ ಪಾಲುದಾರರಾಗುತ್ತಾರೆ, ಆದ್ದರಿಂದ ಅವರ ಒಪ್ಪಿಗೆಯನ್ನೂ ಕೇಳಬೇಕು. ಕೋವಿಡ್ ಲಸಿಕೆ ತೀವ್ರ ಕಾಯಿಲೆಯನ್ನು ಬಹುಮಟ್ಟಿಗೆ ತಡೆಯುತ್ತದೆಯಾದರೂ, ಎರಡು ಡೋಸಿನ ಲಸಿಕೆಗಳಲ್ಲಿ ಎರಡನೆಯ ಡೋಸ್ ಪಡೆದು ಸುಮಾರು ಎರಡು ವಾರ ಕಳೆಯುವವರೆಗೆ ಪೂರ್ಣ ರಕ್ಷಣೆ ದೊರೆಯುವುದಿಲ್ಲ, ಆಮೇಲೂ ಸೋಂಕು ಹರಡುವ ಸಾಧ್ಯತೆ ಪೂರ್ತಿ ಇಲ್ಲವಾಗುವುದಿಲ್ಲ.

ಪ್ರವಾಸದ ಸ್ವರೂಪವನ್ನು ತೂಗುವಾಗ ಒಂದು ಘಟನೆಯನ್ನು ನೆನಪಿನಲ್ಲಿಡಿ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 61 ಜನರ ಗಾಯನ ತಂಡವೊಂದು ಒಳಾಂಗಣದಲ್ಲಿ ಸುಮಾರು ಎರಡೂವರೆ ಗಂಟೆ ಅಭ್ಯಾಸ ನಡೆಸಿತು. ಅವರಲ್ಲಿ ರೋಗಲಕ್ಷಣವಿದ್ದವರು ಒಬ್ಬರೇ. ಆದರೆ ದೃಢಪಟ್ಟ ಹಾಗೂ ಸಂಭವನೀಯ ಪ್ರಕರಣಗಳು ಸೇರಿ ಒಟ್ಟು 53 ಮಂದಿಗೆ ಕಾಯಿಲೆಯಾಯಿತು, ಇಬ್ಬರು ತೀರಿಕೊಂಡರು. ಒಂದೇ ಗಾಳಿಯನ್ನು ಬಹಳ ಹೊತ್ತು, ಬಹಳ ಜನ, ಬಾಯ್ತೆರೆದು ಉಸಿರಾಡುವುದೇ ಇಲ್ಲಿನ ಅಪಾಯ. ಹಾಗಾಗಿ ತೆರೆದ ಬಯಲಿನಲ್ಲಿ ನಡೆಯುವ, ಗುಡ್ಡ ಹತ್ತುವ ಪ್ರವಾಸಕ್ಕೂ, ಹವಾನಿಯಂತ್ರಿತ ಸಭಾಂಗಣಗಳಲ್ಲಿ ಕಳೆಯುವ ಪ್ರವಾಸಕ್ಕೂ ಅಜಗಜಾಂತರ ವ್ಯತ್ಯಾಸವಿದೆ. ಕೋಣೆ ಕಾಯ್ದಿರಿಸುವಾಗ ಕಿಟಕಿಯನ್ನು ನಿಜಕ್ಕೂ ತೆರೆಯಬಹುದೇ ಎಂದು ಕೇಳಿ. ಎಷ್ಟೋ ಕಟ್ಟಡಗಳಲ್ಲಿ ಗಾಜು ಗೋಡೆಗೆ ಬೆಸೆದುಕೊಂಡಿರುತ್ತದೆ. ಸ್ವಂತ ವಾಹನವಿದ್ದರೆ ಒಳ್ಳೆಯದು, ಆದರೆ ಅದರಲ್ಲಿ ಬೇರೆ ಮನೆಯವರನ್ನು ಕೂರಿಸಿಕೊಂಡು ಗಾಜು ಏರಿಸಿದರೆ ಆ ಅನುಕೂಲವೂ ಇಲ್ಲವಾಗುತ್ತದೆ. ವಿಮಾನದ ಹೆಪಾ ಫಿಲ್ಟರ್‌ಗಳು ಗಾಳಿಯನ್ನು ಚೆನ್ನಾಗಿ ಶೋಧಿಸುತ್ತವೆ. ಸಾಲಿನಲ್ಲಿ ನಿಲ್ಲುವ, ಕಿಕ್ಕಿರಿದ ಬಸ್ಸಿನಲ್ಲಿ ವಿಮಾನದವರೆಗೆ ಸಾಗುವ ಹೊತ್ತಿನಲ್ಲಿ ಎಚ್ಚರ ಹೆಚ್ಚು ಬೇಕು. ಎನ್‌95 ಮಾಸ್ಕ್ ಮೂಗಿನ ಎರಡೂ ಬದಿಗಳಲ್ಲಿ ಸಂದಿಯಿಲ್ಲದಂತೆ ಕೂರಬೇಕು. ಉಸಿರು ಬಿಟ್ಟಾಗ ಕನ್ನಡಕದ ಮೇಲೆ ಮಂಜು ಕಟ್ಟಿದರೆ ಅದು ಸರಿಯಾಗಿ ಕೂತಿಲ್ಲವೆಂದರ್ಥ.

ಹಣದ ವಿಷಯದಲ್ಲಿ ಮರುಪಾವತಿ ಮತ್ತು ವೋಚರ್ ಒಂದೇ ಅಲ್ಲ ಎಂಬುದನ್ನು ಮರೆಯಬಾರದು. ರದ್ದು ಮಾಡಿದರೆ ಹಣ ಖಾತೆಗೆ ಹಿಂದಿರುಗುತ್ತದೆಯೇ, ಮುಂದೆ ಬಳಸಬೇಕಾದ ಚೀಟಿಯಾಗಿ ಬರುತ್ತದೆಯೇ, ಆ ಚೀಟಿಗೆ ಅವಧಿಯಿದೆಯೇ ಎಂದು ಲಿಖಿತವಾಗಿ ಪಡೆಯಿರಿ. ಪ್ರವಾಸ ವಿಮೆಯ ಅನೇಕ ಪಾಲಿಸಿಗಳು ಆಗಲೇ ಘೋಷಿತವಾಗಿರುವ ಸಾಂಕ್ರಾಮಿಕವನ್ನು ವ್ಯಾಪ್ತಿಯಿಂದ ಹೊರಗಿಡುತ್ತವೆ, ಮನಸ್ಸು ಬದಲಾಗಿ ಹೊರಡದಿದ್ದರಂತೂ ಏನನ್ನೂ ಕೊಡುವುದಿಲ್ಲ. ಹಿಂದಿರುಗದ ಮೊತ್ತವೆಷ್ಟು ಎಂದು ಮೊದಲೇ ಲೆಕ್ಕ ಹಾಕಿ, ಅದನ್ನು ಕಳೆದುಕೊಂಡರೂ ಮನೆ ನಡೆಯುತ್ತದೆ ಎಂಬಂತಿದ್ದರೆ ಮಾತ್ರ ಕಾಯ್ದಿರಿಸಿ.

ಈ ಮಾತನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ಒಮ್ಮೆ ನಾವು ಹೊರಡಬೇಕಿದ್ದ ಬೆಳಗ್ಗೆ ಚೀಲಗಳನ್ನು ಬಾಗಿಲ ಬಳಿ ಸಾಲಾಗಿ ಇಟ್ಟಾಗಿತ್ತು. ಅಮ್ಮ ಎರಡು ಬಾರಿ ಗಂಟಲು ಸರಿಪಡಿಸಿಕೊಂಡರು. ಎಲ್ಲರಿಗೂ ಕೇಳಿಸಿತು, ಯಾರೂ ಮಾತನಾಡಲಿಲ್ಲ. ರ‍್ಯಾಪಿಡ್ ಪರೀಕ್ಷೆಯಲ್ಲಿ ಒಂದೇ ಗೆರೆ ಮೂಡಿತು, ಅಂದರೆ ಸೋಂಕು ಕಾಣಲಿಲ್ಲ. ಅಷ್ಟಾದರೂ ಅಮ್ಮನೇ ಬೇಡವೆಂದರು. ಮರುದಿನದ ಪರೀಕ್ಷೆಯಲ್ಲಿ ಎರಡನೆಯ ಗೆರೆ ಸ್ಪಷ್ಟವಾಗಿ ಕಾಣಿಸಿತು. ವಸತಿಗೃಹದವರು ಮುಂಗಡವನ್ನು ಹಿಂದಿರುಗಿಸಲಿಲ್ಲ. ಆ ಬೆಳಗ್ಗೆ ನಾನು ಬಾಯಿ ಬಿಡದಿದ್ದುದಕ್ಕೆ ಆ ಹಣದ ಯೋಚನೆಯೇ ಕಾರಣವಾಗಿತ್ತು ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಆದ್ದರಿಂದ ನಿರ್ಧಾರವನ್ನು ಒಮ್ಮೆಗೇ ಮುಗಿಸದೆ ಮೂರು ಹಂತಗಳಲ್ಲಿ ಮಾಡಿ: ಕಾಯ್ದಿರಿಸುವ ದಿನ, ಹೊರಡುವುದಕ್ಕೆ ಮೂರು ದಿನ ಮೊದಲು, ಮತ್ತು ಹೊರಡುವ ಬೆಳಗ್ಗೆ. ಯಾವ ಸ್ಥಿತಿ ಎದುರಾದರೆ ಪ್ರವಾಸ ರದ್ದು ಎಂಬುದನ್ನು ಮೊದಲ ದಿನವೇ ಬರೆದಿಡಿ, ಏಕೆಂದರೆ ಚೀಲ ಕಟ್ಟಿದ ಮೇಲೆ ಕೆಮ್ಮಿಗೆ ಧೂಳು ಕಾರಣ, ಜ್ವರಕ್ಕೆ ಆಯಾಸ ಕಾರಣ ಎಂದು ಮನಸ್ಸು ಸಮಜಾಯಿಷಿ ಹುಡುಕತೊಡಗುತ್ತದೆ. ಕೋವಿಡ್ ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಲು ಎರಡರಿಂದ ಹದಿನಾಲ್ಕು ದಿನ ಹಿಡಿಯಬಹುದು, ಲಕ್ಷಣ ಕಾಣುವ ಸುಮಾರು ಎರಡು ದಿನ ಮೊದಲೇ ಅದು ಇತರರಿಗೆ ಹರಡಬಲ್ಲದು. ಹೀಗಿರುವಾಗ ಮೂರು ದಿನಗಳ ಹಿಂದಿನ ನೆಗೆಟಿವ್ ವರದಿ ಗಡಿ ದಾಟಲು ಸಾಕಾಗಬಹುದೇ ಹೊರತು ಇಂದಿನ ಸ್ಥಿತಿಯನ್ನು ಹೇಳಲಾರದು. ಮೈ ಹುಷಾರಿಲ್ಲವೆಂದು ಯಾರು ಹೇಳಿದರೂ, ಮಕ್ಕಳೇ ಹೇಳಿದರೂ, ಯಾರೂ ಮುಖ ಸಿಂಡರಿಸಬಾರದು ಎಂಬ ಮಾತನ್ನು ಮನೆಯವರೆಲ್ಲ ಮೊದಲೇ ಕೊಟ್ಟುಕೊಂಡಿರಬೇಕು.

ಹೊರಡುವುದೇ ಎಂದಾದರೆ ಥರ್ಮಾಮೀಟರ್, ಪಲ್ಸ್ ಆಕ್ಸಿಮೀಟರ್, ಕೆಲವು ಪರೀಕ್ಷಾ ಕಿಟ್‌ಗಳು, ಎರಡು ವಾರಗಳಿಗೆ ಸಾಲುವ ಔಷಧಿ ಚೀಲದಲ್ಲಿರಲಿ. ಆಕ್ಸಿಮೀಟರ್‌ನಲ್ಲಿ ಆಮ್ಲಜನಕದ ಮಟ್ಟ 94ಕ್ಕಿಂತ ಕೆಳಗಿಳಿದರೆ, ಉಸಿರಾಟ ಸಲೀಸಾಗಿದೆ ಎನಿಸಿದರೂ ವೈದ್ಯರನ್ನು ಕಾಣಬೇಕು. ಕೋವಿಡ್‌ನಲ್ಲಿ ಏದುಸಿರು ಬಾರದೆಯೇ ಆಮ್ಲಜನಕ ಕುಸಿದ ನಿದರ್ಶನಗಳಿವೆ. ಮರಳಿ ಬಂದ ಮೇಲೆ ಐದಾರು ದಿನ ಮನೆಯ ಹಿರಿಯರಿಂದ ದೂರವಿದ್ದು, ಒಳಗೆ ಮಾಸ್ಕ್ ಧರಿಸಿ, ಐದನೆಯ ದಿನದ ಸುಮಾರಿಗೆ ಪರೀಕ್ಷೆ ಮಾಡಿಕೊಳ್ಳಿ. ಈ ಐದಾರು ದಿನಗಳಿಗೂ ಬೇಕಾಗುವಷ್ಟು ರಜೆಯನ್ನು ಮೊದಲ ಅರ್ಜಿಯಲ್ಲಿಯೇ ಕೇಳಿಕೊಂಡಿರಿ.