ಆಘಾತಕ್ಕೆ ಎಂಡಿಎಂಎ: ಗುಳಿಗೆಯಿಂದ ಮದ್ದಾಗುವ ದಾರಿ ಹೇಗೆ?

ಶಿರೂರಿನ ಗುಡ್ಡ ಕುಸಿದದ್ದು 2024ರ ಜುಲೈ 16ರಂದು. ಅಂಕೋಲೆಯಲ್ಲಿ ನನ್ನ ಪರಿಚಯದ ಅಕ್ಕ ಒಬ್ಬರಿದ್ದಾರೆ. ಅಂದಿನಿಂದ ರಾತ್ರಿ ತಗಡಿನ ಮೇಲೆ ಮಳೆ ಜೋರಾದರೆ ಸಾಕು, ಎದ್ದು ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಬಳಿ ಕೂತುಬಿಡುತ್ತಾರೆ. ಬೆಳಗಾಗುವವರೆಗೂ ಹಾಗೇ. ಮೊನ್ನೆ ಕೇಳಿದರು: "ತಮ್ಮಾ, ಹೊರದೇಶದಲ್ಲಿ ಇದಕ್ಕೆ ಎಂತದೋ ಹೊಸ ಗುಳಿಗೆ ಉಂಟಂತೆ. ನಮ್ಮಲ್ಲಿಗೆ ಯಾವಾಗ ಬರ್ತದೆ?"

ಅವರು ಕೇಳಿದ್ದು ಎಂಡಿಎಂಎ ಬಗ್ಗೆ. ಎಕ್ಸ್‌ಟಸಿ ಎಂಬ ಹೆಸರಿನಲ್ಲಿ ಕದ್ದು ಮಾರುವ ಮಾದಕ ವಸ್ತು ಅದೇ; ಈಗ ಆಘಾತದ ಚಿಕಿತ್ಸೆಗೆ ಅದನ್ನು ಪ್ರಯೋಗಿಸಿ ನೋಡುತ್ತಿದ್ದಾರೆ. ಸುಮ್ನೆ ನುಂಗಿ ಮಲಗುವ ಗುಳಿಗೆ ಅಲ್ಲ ಅದು. ಪ್ರಯೋಗಗಳಲ್ಲಿ ಮೊದಲು ಮಾತುಕತೆ ನಡೆಯುತ್ತದೆ. ಆಮೇಲೆ ತಿಂಗಳಿಗೊಮ್ಮೆಯಂತೆ ಮೂರು ಸಲ ಔಷಧ. ಪ್ರತಿ ಸಲ ಸುಮಾರು 8 ತಾಸು ಇಬ್ಬರು ಚಿಕಿತ್ಸಕರು ಪಕ್ಕದಲ್ಲೇ ಇರುತ್ತಾರೆ. ನಂತರ ಮತ್ತೆ ವಾರಗಟ್ಟಲೆ ಮಾತು.

ಇದು ಭಾರತದಲ್ಲಿ ಚಿಕಿತ್ಸೆಯಾಗಬೇಕಾದರೆ ಮೊದಲು ದಾಟಬೇಕಾದದ್ದು 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳನ್ನು ನಿಯಂತ್ರಿಸುವ ಕಾನೂನು. ಎಂಡಿಎಂಎ, ಎಲ್‌ಎಸ್‌ಡಿ, ಅಣಬೆಯ ಸೈಲೋಸಿಬಿನ್ ಎಲ್ಲವೂ ಅದರ ಪಟ್ಟಿಯಲ್ಲಿವೆ. ಆದರೆ 8ನೇ ಕಲಂ ಒಂದು ಕಿಂಡಿ ಬಿಟ್ಟಿದೆ: ವೈದ್ಯಕೀಯ ಇಲ್ಲವೇ ವೈಜ್ಞಾನಿಕ ಉದ್ದೇಶಕ್ಕೆ, ನಿಯಮದ ಪ್ರಕಾರ ಬಳಸಬಹುದು. ಸಂಶೋಧಕರು ಸರ್ಕಾರದ ಅನುಮತಿ ಹಿಡಿದು ಅಲ್ಲಿಂದಲೇ ಒಳಗೆ ಬರಬೇಕು. ಗೋಕರ್ಣದ ಬೀಚಿನಲ್ಲಿ ಯಾರೋ ಕೊಟ್ಟ ಪುಡಿಗೆ ಈ ಕಿಂಡಿ ತೆರೆಯುವುದಿಲ್ಲ. ಎಂಡಿಎಂಎ 10 ಗ್ರಾಂ ಮೀರಿದರೆ ಕನಿಷ್ಠ 10 ವರ್ಷ ಜೈಲು. ಅದಕ್ಕಿಂತ ಹೆಚ್ಚಾಗಿ, ಅದರಲ್ಲಿ ಏನು ಬೆರೆಸಿದ್ದಾರೋ ಗೊತ್ತಾಗುವುದಿಲ್ಲ. ಬಿಪಿ ಜಾಸ್ತಿ ಇದ್ದವರಿಗೆ, ಹೃದಯದ ತೊಂದರೆ ಇದ್ದವರಿಗೆ ಅಪಾಯ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಎರಡನೆಯ ಬಾಗಿಲು ಡಿಸಿಜಿಐ, ಅಂದರೆ ದೇಶದ ಔಷಧ ನಿಯಂತ್ರಕರು. 2019ರ ನಿಯಮಗಳಂತೆ ಸಿಟಿ-04 ಫಾರಂ ತುಂಬಿ ಪ್ರಯೋಗಕ್ಕೆ ಅನುಮತಿ ಕೇಳಬೇಕು. ಸಿಕ್ಕಿದರೂ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮೊದಲೇ ಪ್ರಯೋಗವನ್ನು ಸಿಟಿಆರ್‌ಐಯಲ್ಲಿ, ಅಂದರೆ ದೇಶದ ಔಷಧ ಪ್ರಯೋಗಗಳ ದಾಖಲೆ ಪಟ್ಟಿಯಲ್ಲಿ, ನೋಂದಾಯಿಸಬೇಕು. ಯಾರಾದರೂ ನಿಮ್ಮನ್ನು ಪ್ರಯೋಗಕ್ಕೆ ಕರೆದರೆ ಆ ನೋಂದಣಿ ಸಂಖ್ಯೆ ಕೇಳಿ. ಕೊಡದಿದ್ದರೆ ಎದ್ದು ಬನ್ನಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ನೈತಿಕ ಸಮಿತಿ, ಅಂದರೆ ಪ್ರಯೋಗಕ್ಕೆ ಸೇರಿದವರ ಹಿತ ಕಾಯುವ ಸಮಿತಿ. ಕಡಿಮೆಯೆಂದರೂ 7 ಜನ. ವೈದ್ಯರಷ್ಟೇ ಅಲ್ಲ, ಕಾನೂನು ಬಲ್ಲವರು, ಒಬ್ಬ ಮಹಿಳೆ, ವೈದ್ಯಕೀಯ ಓದದ ಒಬ್ಬ ಸಾಮಾನ್ಯರೂ ಬೇಕು. ಒಪ್ಪಿಗೆ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು. ಕಾರವಾರದಲ್ಲಾದರೆ ಕನ್ನಡದ ಜೊತೆ ಕೊಂಕಣಿಯಲ್ಲೂ ವಿವರಿಸಬೇಕಾದೀತು. ಇದು ಬರೀ ಕಾಗದದ ಕೆಲಸ ಅಲ್ಲ. ಈ ಔಷಧ ತೆಗೆದುಕೊಂಡವರ ಮನಸ್ಸು ತೆರೆದುಕೊಳ್ಳುತ್ತದೆ, ಎದುರಿಗಿದ್ದವರನ್ನು ಬೇಗ ನಂಬುತ್ತದೆ. ಹಿಂದೆ ಒಂದು ಪ್ರಯೋಗದಲ್ಲಿ ಚಿಕಿತ್ಸಕರೇ ಎಲ್ಲೆ ಮೀರಿದ್ದರು. ಕೈ ಹಿಡಿಯಬಹುದೇ, ಬೇಡವೇ ಎನ್ನುವುದನ್ನೂ ಔಷಧ ಕೊಡುವ ಮೊದಲೇ ಮಾತಾಡಿಕೊಳ್ಳಬೇಕು, ಅಲ್ವಾ?

ಕೊನೆಗೆ ಪುರಾವೆ. ಅಮೆರಿಕದಲ್ಲಿ ಇದು ಇಲ್ಲೇ ನಿಂತಿದ್ದು. 2021ರಲ್ಲಿ ಪ್ರಕಟವಾದ ಮೂರನೇ ಹಂತದ ಪ್ರಯೋಗದಲ್ಲಿ 90 ಜನರಿದ್ದರು. ಎಂಡಿಎಂಎ ಸಿಕ್ಕವರಲ್ಲಿ ಶೇ 67ರಷ್ಟು ಮಂದಿಗೆ ಪಿಟಿಎಸ್‌ಡಿಯ (ಆಘಾತದ ನಂತರ ಬಿಡದೆ ಕಾಡುವ ಮಾನಸಿಕ ಕಾಯಿಲೆಯ) ಲಕ್ಷಣಗಳು ರೋಗ ಎನ್ನುವ ಮಟ್ಟದಲ್ಲಿ ಉಳಿಯಲಿಲ್ಲ. ಔಷಧವೇ ಇಲ್ಲದ ಸಪ್ಪೆ ಗುಳಿಗೆ ಸಿಕ್ಕವರಲ್ಲಿ ಶೇ 32. ಆದರೂ 2024ರ ಆಗಸ್ಟ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಕ ಎಫ್‌ಡಿಎ ಒಪ್ಪಲಿಲ್ಲ, ಇನ್ನೊಂದು ಪ್ರಯೋಗ ಮಾಡಿ ಅಂದಿತು. ತಮಗೆ ಸಿಕ್ಕಿದ್ದು ಅಸಲಿ ಗುಳಿಗೆಯೇ ಎಂದು ಹೆಚ್ಚಿನವರಿಗೆ ಗೊತ್ತಾಗಿಬಿಡುತ್ತಿತ್ತು. ಹಾಗಾದಾಗ ಗುಣ ಕೊಟ್ಟದ್ದು ಔಷಧವೋ ನಿರೀಕ್ಷೆಯೋ ಹೇಳುವುದು ಕಷ್ಟ. ಕಾಯುತ್ತಿದ್ದವರಿಗೆ ಬೇಸರವಾಯಿತು, ನನಗೂ ಆಯಿತು. ಆದರೂ ಆ ತೀರ್ಮಾನ ಸರಿ ಎಂದೇ ನನ್ನ ಅಭಿಪ್ರಾಯ. ಆಸ್ಟ್ರೇಲಿಯಾ ಮಾತ್ರ 2023ರ ಜುಲೈ 1ರಿಂದ, ಅನುಮತಿ ಪಡೆದ ಮನೋವೈದ್ಯರಿಗೆ ಇದನ್ನು ಬರೆಯಲು ಬಿಟ್ಟಿದೆ.

ಆ ಶೇ 32ನ್ನು ಇನ್ನೊಮ್ಮೆ ನೋಡಿ. ಅವರಿಗೆ ಔಷಧ ಸಿಗಲಿಲ್ಲ, ಸಿಕ್ಕಿದ್ದು ಮಾತಿನ ಚಿಕಿತ್ಸೆ. ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳೂ, ಸರ್ಟ್ರಾಲಿನ್‌ನಂಥ ಗುಳಿಗೆಗಳೂ ಈಗಲೇ ಇವೆ, ಕಾನೂನಿನ ಅಡ್ಡಿಯಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಕ್ಕ ಆ ಐದು ಅಂಕಿಗಳನ್ನು ಬಾಗಿಲ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದುಕೊಂಡಿದ್ದಾರೆ. ಮಳೆಯ ನಡುರಾತ್ರಿಯಲ್ಲೂ ಅಲ್ಲಿ ಫೋನ್ ಎತ್ತುತ್ತಾರೆ.